ಪದಚರ್ಚೆ: ‘ನ್ಯಾಯದ ತೂಕ’ ಮತ್ತು ‘ಪ್ರಾಮಾಣಿಕ’

ಪ್ರಶ್ನೆ: ಬೈಬಲಿನ ಜ್ಞಾನೋಕ್ತಿ 11:1ರ ‘ನ್ಯಾಯದ ತೂಕ’ಕ್ಕೆ ಹೀಬ್ರೂವಿನಲ್ಲಿ ಯಾವ ಮಾತಿದೆ? ಕಾಸರಗೋಡಿನ ಮಕ್ಕಳಿಗೆ ಪಾಠ ಹೇಳುವಾಗ ಅದನ್ನು ‘ಪ್ರಾಮಾಣಿಕತೆ’ ಎಂದು ಬಿಡಿಸಿದರೆ ಸಾಕೇ? ಮಲಯಾಳ ಬಲ್ಲ ಮಕ್ಕಳಿಗೆ ಆ ಪದ ಬೇರೆಯಾಗಿ ಕೇಳಿಸುತ್ತದೆ.

ಉತ್ತರ: ಮೂಲದಲ್ಲಿರುವುದು ‘ಎವೆನ್ ಶೆಲೇಮಾ’. ಎವೆನ್ ಅಂದರೆ ಕಲ್ಲು. ಶೆಲೇಮಾ ಅಂದರೆ ಊನವಿಲ್ಲದ್ದು, ಶಾಂತಿ ಎಂಬರ್ಥದ ‘ಶಾಲೋಮ್’ ಹುಟ್ಟಿದ ಧಾತುವಿನದೇ. ಆಗ ಬೆಳ್ಳಿಯನ್ನೂ ಕಲ್ಲಿಟ್ಟೇ ತೂಗುತ್ತಿದ್ದರು, ಶೆಕೆಲ್ ಎಂಬ ತೂಕ ಸುಮಾರು 11.4 ಗ್ರಾಂ. ‘ನ್ಯಾಯದ ತೂಕ’ ತಪ್ಪಲ್ಲ, ಆದರೆ ಕಲ್ಲು ಮರೆಯಾಯಿತು. ಕಲ್ಲು ಕಾಣದಿದ್ದರೆ ಧರ್ಮೋಪದೇಶಕಾಂಡ 25:13 ಅರ್ಥವಾಗುವುದು ಕಷ್ಟ. ಅಲ್ಲಿರುವುದು ‘ಕಲ್ಲೂ ಕಲ್ಲೂ’, ದೊಡ್ಡದೊಂದು ಚಿಕ್ಕದೊಂದು. ದೊಡ್ಡದರಲ್ಲಿ ಕೊಳ್ಳುವುದು, ಚಿಕ್ಕದರಲ್ಲಿ ಮಾರುವುದು. ಗಮನಿಸಿ, ಅಲ್ಲಿ ನಿಷೇಧ ತೂಗುವುದಕ್ಕಲ್ಲ, ಚೀಲದಲ್ಲಿ ಇಟ್ಟುಕೊಳ್ಳುವುದಕ್ಕೇ. ಆಮೋಸ 8:5ರ ವ್ಯಾಪಾರಿ ಎರಡೂ ಕಡೆ ಕೈ ಹಾಕುತ್ತಾನೆ: ಧಾನ್ಯ ಅಳೆಯುವ ಏಫಾ (ಸುಮಾರು 22 ಲೀಟರು) ಕಿರಿದು, ಬೆಳ್ಳಿ ತೂಗಿಸಿಕೊಳ್ಳುವ ಶೆಕೆಲ್ ಹಿರಿದು.

ನಮ್ಮ ಕಡೆ ಅಕ್ಕಿ ಮುಡಿಯ ಲೆಕ್ಕದಲ್ಲಿ ಹೇಳಿದರೆ ಮಕ್ಕಳಿಗೆ ಬೇಗ ಹಿಡಿಸುತ್ತದೆ. 14 ಸೇರು ಒಂದು ಕಳಸೆ, 3 ಕಳಸೆ ಒಂದು ಮುಡಿ. ಸೇರು ಹದಿನಾಲ್ಕನೇ ಒಂದು ಪಾಲು ಕುಗ್ಗಿದ್ದರೆ ಒಂದೊಂದು ಅಳತೆಯಲ್ಲಿ ಯಾರಿಗೂ ಗೊತ್ತಾಗದು; ಮುಡಿ ಮುಗಿಯುವಾಗ 3 ಸೇರು ಅಕ್ಕಿ ಹೋಗಿರುತ್ತದೆ.

ಇನ್ನು ‘ಪ್ರಾಮಾಣಿಕ’. ಪ್ರಮಾಣದಲ್ಲಿ ಅಳೆಯುವ ‘ಮಾ’ ಧಾತುವಿದೆ, ಹಾಗಾಗಿ ಈ ವಚನಕ್ಕೆ ಇದಕ್ಕಿಂತ ಹೊಂದುವ ಪದ ನನಗೆ ಕಾಣುವುದಿಲ್ಲ. ತೊಡಕಿರುವುದು ಮಲಯಾಳದಲ್ಲಿ: ಅಲ್ಲಿ ಪ್ರಾಮಾಣಿಕವೆಂದರೆ ಆಧಾರವುಳ್ಳದ್ದು, ಅಧಿಕೃತವಾದದ್ದು, ‘ಪ್ರಮಾಣಿ’ ಊರಿನ ದೊಡ್ಡ ಕುಳ. ಮೋಸವಿಲ್ಲದವನಿಗೆ ಅವರ ದಿನಬಳಕೆಯ ಮಾತು ‘ಸತ್ಯಸಂಧನ್’. ಅದನ್ನು ಕನ್ನಡಕ್ಕೆ ತಂದರೆ ಅಂಗಡಿಯವನ ಬದಲು ಹರಿಶ್ಚಂದ್ರ ಬಂದು ನಿಲ್ಲುತ್ತಾನೆ. ‘ಯಥಾರ್ಥ’ದ ಕಥೆಯೂ ಹೀಗೇ. ಕನ್ನಡ ಬೈಬಲಿನಲ್ಲಿ ಅದು ನೆಟ್ಟಗಿನ ಮನಸ್ಸು, ಮಲಯಾಳದಲ್ಲಿ ಅಸಲಿ.

‘ನೀತಿ’ಯಲ್ಲಿ ಮಾತ್ರ ಗಡಿನಾಡಿನವರಿಗೆ ಲಾಭವಿದೆ. ಯಾಜಕಕಾಂಡ 19:36ರಲ್ಲಿ ನ್ಯಾಯ, ನೀತಿ ಎಂಬರ್ಥದ ಹೀಬ್ರೂ ಪದ ‘ತ್ಸೆದೆಕ್’ ನಾಲ್ಕು ಸಲ ಬರುತ್ತದೆ: ತಕ್ಕಡಿಗೆ, ಕಲ್ಲಿಗೆ, ಏಫಾಕ್ಕೆ, ಹೀನ್ ಎಂಬ ದ್ರವದ ಅಳತೆಗೆ. ಕನ್ನಡದ ಕಿವಿಗೆ ನೀತಿ ಅಂದರೆ ನೀತಿಪಾಠ. ಮಲಯಾಳದಲ್ಲಿ ಅದು ನ್ಯಾಯವೇ, ತ್ಸೆದೆಕ್‌ಗೆ ಇನ್ನಷ್ಟು ಹತ್ತಿರ.

ಪಾಠದಲ್ಲಿ ‘ಪ್ರಾಮಾಣಿಕ’ವನ್ನೇ ಇಟ್ಟುಕೊಳ್ಳಿ, ಮೊದಲ ಸಲ ಬಂದಾಗ ‘ಅಳತೆಗೆ ಸರಿಬರುವವ’ ಎಂದು ಜೊತೆಗೆ ಹೇಳಿ.