'ಏಜೆಂಟ್ ಆಫ್ ಚೇಂಜ್' ಅನ್ನುವುದಕ್ಕೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಮೆಲ್ಬರ್ನಿನ ಸಂಗೀತದ ಪಬ್‌ಗಳ ಬಗ್ಗೆ ಇಲ್ಲಿನ ಕನ್ನಡಿಗರು ಓದುವ ಒಂದು ಪತ್ರಿಕೆಗೆ ಬರೆಯುತ್ತಿದ್ದೇನೆ. ಬರಹ ಮುಕ್ಕಾಲು ಮುಗಿದಿದೆ. 'ಏಜೆಂಟ್ ಆಫ್ ಚೇಂಜ್' ಅನ್ನುವ ಮಾತಿನ ಹತ್ತಿರ ಬಂದು ನಿಂತುಬಿಟ್ಟಿದೆ. ಪಬ್ ಮತ್ತು ಮನೆ ಅಕ್ಕಪಕ್ಕ ಬಂದಾಗ ಸದ್ದು ತಡೆಯುವ ಖರ್ಚು ಯಾರದು ಎಂದು ಹೇಳುವ ನಿಯಮದ ಹೆಸರು ಅದು. ಅದನ್ನು ಹಾಗೇ ಕನ್ನಡ ಲಿಪಿಯಲ್ಲಿ ಇಟ್ಟು ಮುಂದೆ ಹೋಗಬಹುದು. ಆದರೆ ಈ ನಿಯಮ ಬೆಂಗಳೂರಿಗೂ ಬೇಕು ಎಂದು ನನಗೆ ಗಟ್ಟಿಯಾಗಿ ಅನಿಸುತ್ತದೆ. ಬೇಕು ಅಂತ ಕೇಳುವುದಕ್ಕೆ ಮೊದಲು ಅದಕ್ಕೊಂದು ಹೆಸರಿರಬೇಕಲ್ವಾ? ವಾರ್ಡ್ ಸಭೆಯಲ್ಲಿ ಯಾರಾದರೂ ಎದ್ದು ನಿಂತು ಹೇಳಿದರೆ ಎಲ್ಲರಿಗೂ ತಿಳಿಯುವಂಥ ಹೆಸರು.

ಮೊದಲು ವಿಷಯ ಹೇಳುತ್ತೇನೆ. ಪೇಟೆಯ ನಡುವೆ ಬಾಡಿಗೆ ಕಡಿಮೆ ಇರುವ ಹಳೆಯ ಕಟ್ಟಡಗಳಿರುತ್ತವೆ. ಹಾಡುವವರು, ಬಾರಿಸುವವರು ಅಲ್ಲಿ ಸೇರುತ್ತಾರೆ. ಬೀದಿಗೆ ಹೆಸರು ಬರುತ್ತದೆ. ಆ ಹೆಸರು ನೋಡಿ ಬಿಲ್ಡರ್ ಬರುತ್ತಾನೆ, ಪಕ್ಕದಲ್ಲೇ ಅಪಾರ್ಟ್‌ಮೆಂಟ್ ಕಟ್ಟುತ್ತಾನೆ. ಮನೆ ಕೊಂಡವರಿಗೆ ರಾತ್ರಿ ನಿದ್ದೆ ಬರುವುದಿಲ್ಲ, ದೂರು ಕೊಡುತ್ತಾರೆ. ಅವರ ಕಷ್ಟವೂ ಸುಳ್ಳಲ್ಲ. ಆದರೆ ಹಳೆಯ ನಿಯಮಗಳಲ್ಲಿ ಅಲ್ಲಿ ಮೊದಲು ಇದ್ದವರು ಯಾರು ಅನ್ನುವ ಪ್ರಶ್ನೆಗೆ ಜಾಗವೇ ಇರಲಿಲ್ಲ. ಸದ್ದು ಮಾಡುವವರದೇ ತಪ್ಪು, ಸದ್ದು ತಡೆಯುವ ಖರ್ಚೂ ಅವರದೇ. ಮೊದಲು ಬಂದ ಕಿವಿಗಿಂತ ಆಮೇಲೆ ಬಂದ ಕೋಡು ಹೆಚ್ಚು ಅನ್ನುತ್ತೇವಲ್ಲ, ಅದೇ ಇಲ್ಲಿ ಕಾನೂನಾಗಿ ಕೂತಿತ್ತು.

ಮೆಲ್ಬರ್ನಿನಲ್ಲಿ ಇದನ್ನು ಬದಲಿಸಲು ಜನ ಬೀದಿಗಿಳಿಯಬೇಕಾಯಿತು. 2010ರ ಜನವರಿಯಲ್ಲಿ ಕಾಲಿಂಗ್‌ವುಡ್‌ನ 'ದಿ ಟೋಟ್' ಎಂಬ ಹಳೆಯ ಪಬ್ ಮುಚ್ಚಿತು. ಲೈವ್ ಸಂಗೀತ ಇರುವ ಕಡೆ ಗಲಾಟೆ ಜಾಸ್ತಿ ಎಂದು ಲೈಸೆನ್ಸ್ ನಿಯಮ ಎಣಿಸಿತ್ತು. ಅದಕ್ಕಾಗಿ ಇಡಬೇಕಾದ ಕಾವಲಿನ ಖರ್ಚು ಚಿಕ್ಕ ಪಬ್‌ಗಳಿಗೆ ಭರಿಸುವಂತಿರಲಿಲ್ಲ. ಫೆಬ್ರವರಿ 23ರಂದು ಸಾವಿರಾರು ಜನ ವಿಕ್ಟೋರಿಯಾದ ಸಂಸತ್ ಭವನಕ್ಕೆ ಮೆರವಣಿಗೆ ಹೋದರು. ಟೋಟ್ ಮತ್ತೆ ತೆರೆಯಿತು. ಮಾತು ಲೈಸೆನ್ಸಿನಿಂದ ಕಟ್ಟಡಗಳ ಕಡೆಗೆ ಹೊರಳಿತು. 2014ರ ಸೆಪ್ಟೆಂಬರ್‌ನಲ್ಲಿ ವಿಕ್ಟೋರಿಯಾ ಸರ್ಕಾರ ತನ್ನ ಯೋಜನಾ ನಿಯಮಗಳಲ್ಲಿ 'ಏಜೆಂಟ್ ಆಫ್ ಚೇಂಜ್' ತತ್ವವನ್ನು ಸೇರಿಸಿತು. ಲೈವ್ ಸಂಗೀತ ನಡೆಯುವ ಜಾಗದಿಂದ 50 ಮೀಟರ್ ಒಳಗೆ ಹೊಸದಾಗಿ ಮನೆ ಕಟ್ಟಿದರೆ ಸದ್ದು ತಡೆಯುವ ಗೋಡೆ, ಕಿಟಕಿ ಹಾಕುವುದು ಕಟ್ಟುವವರ ಕೆಲಸ. ಮನೆಗಳ ಪಕ್ಕ ಹೊಸದಾಗಿ ಸಂಗೀತದ ಜಾಗ ತೆರೆದರೆ ಆ ಹೊಣೆ ಪಬ್ಬಿನವರದು. ಬ್ರಿಸ್ಬೇನಿನ ಫಾರ್ಟಿಟ್ಯೂಡ್ ವ್ಯಾಲಿಯಲ್ಲಿ 2006ರಲ್ಲೇ ಇಂಥದೊಂದು ವ್ಯವಸ್ಥೆ ಬಂದಿತ್ತು. ಇಂಗ್ಲೆಂಡಿನ ಯೋಜನಾ ನೀತಿಗೆ ಇದು 2018ರಲ್ಲಿ ಸೇರಿತು.

ಈಗ ಪದಕ್ಕೆ ಬರುತ್ತೇನೆ. ನಮ್ಮ ಪತ್ರಿಕೆಗಳಲ್ಲಿ 'ಚೇಂಜ್ ಏಜೆಂಟ್' ಅಂದರೆ ಕಣ್ಣು ಮುಚ್ಚಿ 'ಬದಲಾವಣೆಯ ಹರಿಕಾರ' ಎಂದು ಬರೆಯುತ್ತಾರೆ. ಹರಿಕಾರ ಮೂಲದಲ್ಲಿ ಓಲೆ ಹೊತ್ತು ಓಡುವವನು, ಪಾರಸಿಯಿಂದ ಬಂದ ಮಾತು. ಈಗ ಅದು ಪೂರ್ತಿ ಹೊಗಳಿಕೆ. ಹಸಿರು ಕ್ರಾಂತಿಯ ಹರಿಕಾರ, ಸಮಾಜ ಸುಧಾರಣೆಯ ಹರಿಕಾರ. ನಮ್ಮ ನಿಯಮದಲ್ಲಿ ಬದಲಾವಣೆ ತಂದವನು ಹಾರ ಹಾಕಿಸಿಕೊಳ್ಳುವವನಲ್ಲ, ಖರ್ಚು ಕೊಡಬೇಕಾದವನು. 'ಬದಲಾವಣೆಯ ಹರಿಕಾರ ತತ್ವ' ಎಂದು ಬರೆದರೆ ಓದುವವರಿಗೆ ಬಿಲ್ಡರ್‌ಗೆ ಸನ್ಮಾನ ಮಾಡುವ ಯೋಜನೆ ಅನಿಸುತ್ತದೆ. ಅರ್ಥ ಪೂರಾ ತಲೆಕೆಳಗು. 'ಪರಿವರ್ತನಾ ಕಾರಕ' ಎಂದರೆ ರಸಾಯನಶಾಸ್ತ್ರದ ಪಾಠವಾಗುತ್ತದೆ.

ಹೊಗಳಿಕೆಯೂ ಬೇಡ, ಬೈಗುಳವೂ ಬೇಡ. 'ಹೊಣೆ' ಅನ್ನುವುದು ಪದದ ಒಳಗೇ ಇರಲಿ ಎಂಬುದು ನನ್ನ ಆಸೆ. ಇಂಗ್ಲಿಷಿನಲ್ಲಿ ಅದಿಲ್ಲ. ಹಾಗಾಗಿ ಅಲ್ಲಿಯೂ ಪ್ರತಿ ಸಲ ವಿವರಿಸಬೇಕಾಗುತ್ತದೆ. ನಾವು ಆ ತೊಂದರೆಯನ್ನೂ ಯಾಕೆ ಅನುವಾದ ಮಾಡಿಕೊಳ್ಳಬೇಕು?

ಮೊದಲು ಹೊಳೆದದ್ದು 'ಹೊಸಬರ ಹೊಣೆ'. ಚಿಕ್ಕದು, ಬಾಯಿಗೆ ಬರುತ್ತದೆ. ಆದರೆ ಬೆಂಗಳೂರಿನಲ್ಲಿ 'ಹೊಸಬರು' ಅಂದರೆ ಬೇರೆ ಊರಿನಿಂದ ಬಂದವರು ಎಂದೇ ಕೇಳಿಸುತ್ತದೆ. ನಿಯಮ ಇರುವುದು ಕಟ್ಟಡದ ಮೇಲೆ, ಊರಿಗೆ ಬಂದ ಜನರ ಮೇಲಲ್ಲ. ಈ ಪದ ಸುಮ್ನೆ ಬೇರೆ ಜಗಳಕ್ಕೆ ದಾರಿ ಮಾಡುತ್ತದೆ. ಮೆಲ್ಬರ್ನಿನಲ್ಲಿ ನಾನೂ ಹೊಸಬನೇ. ಆ ಮಾತನ್ನು ನನ್ನ ಕೈಯಿಂದ ಬರೆಯಲಾರೆ.

'ಬಿಲ್ಡರ್ ಹೊಣೆ' ಎಂದರೆ ನಿಯಮದ ಅರ್ಧ ಮಾತ್ರ. ಇಂದಿರಾನಗರವನ್ನೇ ನೋಡಿ. ಅದು ಮನೆಗಳಿಗಾಗಿ ಮಾಡಿದ ಬಡಾವಣೆ. ನೂರಡಿ ರಸ್ತೆ, ಹನ್ನೆರಡನೇ ಮೇನ್‌ಗೆ ಪಬ್‌ಗಳು ಬಂದದ್ದು ಆಮೇಲೆ. ಅಲ್ಲಿನ ಹಿರಿಯರು ರಾತ್ರಿ ನಿದ್ದೆ ಇಲ್ಲ ಎಂದು ಹೇಳಿದರೆ ಇದೇ ನಿಯಮದ ಪ್ರಕಾರ ನ್ಯಾಯ ಅವರ ಕಡೆಗಿದೆ. ಚರ್ಚ್ ಸ್ಟ್ರೀಟ್, ಬ್ರಿಗೇಡ್ ರಸ್ತೆಯ ಕಥೆ ಬೇರೆ. ಅಲ್ಲಿ ಸಂಜೆಯ ಗದ್ದಲ ಬಹಳ ಹಳೆಯದು. ಅಲ್ಲಿ ನಾಳೆ ಹೊಸ ಗೋಪುರ ಎದ್ದರೆ ಕಿಟಕಿಯ ಖರ್ಚು ಗೋಪುರದವರದಾಗಬೇಕು. ಎರಡು ಕಡೆಗೂ ಒಂದೇ ಪದ ಒಪ್ಪಬೇಕು. ನಮ್ಮಲ್ಲಿ ಈ ಚರ್ಚೆ ಶುರುವಾದಾಗಲೆಲ್ಲ 'ಪಬ್ ಬೇಕಾ, ನಿದ್ದೆ ಬೇಕಾ' ಎಂದು ಎರಡು ಗುಂಪಾಗಿಬಿಡುತ್ತೇವೆ. 'ಇಲ್ಲಿ ಮೊದಲು ಏನಿತ್ತು?' ಎಂದು ಯಾರೂ ಕೇಳುವುದಿಲ್ಲ. ಆ ಪ್ರಶ್ನೆ ಕೇಳಿಸುವ ಪದ ಸಿಕ್ಕಿದರೆ ಎಷ್ಟೋ ಕೆಲಸ ಹಗುರ.

'ಆಮೇಲೆ ಬಂದವರ ಹೊಣೆ' ಹತ್ತಿರ ಬರುತ್ತದೆ. ಅದರಲ್ಲೂ ಒಂದು ತೊಡಕಿದೆ. ಮೂವತ್ತು ವರ್ಷದಿಂದ ಇರುವ ಪಬ್ ಇದ್ದಕ್ಕಿದ್ದಂತೆ ಮಹಡಿ ಮೇಲೆ ದೊಡ್ಡ ಸ್ಪೀಕರ್ ಇಟ್ಟರೆ? ಅದು ಆಮೇಲೆ ಬಂದದ್ದಲ್ಲ. ಆದರೆ ಬದಲಾವಣೆ ತಂದದ್ದು ಅದೇ. ಹಾಗಾಗಿ ನನ್ನ ಮನಸ್ಸು ಈಗ 'ಬದಲಿಸಿದವರ ಹೊಣೆ' ಕಡೆಗೆ ವಾಲಿದೆ. ಯಾರು ಇದ್ದದ್ದನ್ನು ಬದಲಿಸಿದರೋ ಅವರದೇ ಹೊಣೆ. ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ಧಾರವಾಡ, ಕಲಬುರಗಿ ಕಡೆಯವರು ವಿಶೇಷವಾಗಿ ಹೇಳಿ. 'ಬದಲಿಸಿದವರು' ಅಂದಾಗ ಒಂದು ವಸ್ತು ಕೊಟ್ಟು ಇನ್ನೊಂದು ತಗೊಂಡವರು ಎಂಬ ಅರ್ಥ ಮೊದಲು ಬರುತ್ತದಾ?

ಇದರ ಜೊತೆಗೆ ಇನ್ನೊಂದು ಮಾತು. ಲಂಡನ್ನಿನ ಮಿನಿಸ್ಟ್ರಿ ಆಫ್ ಸೌಂಡ್ ಕ್ಲಬ್ಬಿನ ಎದುರು ಐಲೀನ್ ಹೌಸ್ ಜಾಗದಲ್ಲಿ 41 ಅಂತಸ್ತಿನ ಗೋಪುರ ಕಟ್ಟಲು ಹೊರಟಾಗ 2014ರಲ್ಲಿ ಒಂದು ಒಪ್ಪಂದವಾಯಿತು. ಕ್ಲಬ್ಬಿಗೆ ಈಗಿರುವಷ್ಟು ಸದ್ದು ಮಾಡುವ ಹಕ್ಕಿದೆ, ಅದನ್ನು ಒಪ್ಪಿಯೇ ಮನೆ ಕೊಳ್ಳಬೇಕು. ಇನ್ನೊಬ್ಬರ ಆಸ್ತಿಯ ಮೇಲೆ ಇರುವ ಇಂಥ ಹಕ್ಕಿಗೆ ಇಂಗ್ಲಿಷಿನಲ್ಲಿ 'ಈಸ್‌ಮೆಂಟ್' ಅನ್ನುತ್ತಾರೆ. ನಮ್ಮ ಕ್ರಯಪತ್ರಗಳಲ್ಲಿ ದಾರಿ, ನೀರು, ಗಾಳಿ, ಬೆಳಕಿನ ಹಕ್ಕು ಬರುತ್ತದೆ. ಹಳೆಯ ಶಾಸನಗಳಲ್ಲಿ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂದು ಅಷ್ಟಭೋಗ, ಅಂದರೆ ಜಮೀನಿನ ಎಂಟು ಬಗೆಯ ಹಕ್ಕು ಬರುತ್ತದೆ. ಎಂಟರಲ್ಲಿ ಸದ್ದು ಇಲ್ಲ. 'ದಾರಿಹಕ್ಕು' ಇದ್ದಂತೆ 'ಸದ್ದುಹಕ್ಕು' ಎನ್ನಬಹುದು ಎಂದುಕೊಂಡಿದ್ದೇನೆ. ಕ್ರಯಪತ್ರ ಓದಿ ಅಭ್ಯಾಸ ಇರುವ ವಕೀಲರು ನಿಮ್ಮಲ್ಲಿದ್ದರೆ ದಯವಿಟ್ಟು ಹೇಳಿ.

'ನೈಟ್‌ಲೈಫ್ ಡಿಸ್ಟ್ರಿಕ್ಟ್'ಗೆ ಹೆಚ್ಚು ತಲೆ ಕೆಡಿಸಿಕೊಂಡಿಲ್ಲ. ಅಕ್ಕಿಪೇಟೆ, ಬಳೇಪೇಟೆ, ಅರಳೆಪೇಟೆ ಇರುವ ಊರಿನಲ್ಲಿ 'ರಾತ್ರಿಪೇಟೆ' ಯಾರಿಗೂ ಅರ್ಥವಾಗುತ್ತದೆ. ಯಾವ ಕಸುಬು ಎಲ್ಲಿ ಎಂದು ಹೇಳುವುದೇ ಪೇಟೆಯ ಕೆಲಸ. 'ಕೇರಿ' ಬೇಡ. ಹಳಗನ್ನಡ ಕಾವ್ಯದ ಸೂಳೆಗೇರಿ ಕೂಡಲೇ ನೆನಪಾಗುತ್ತದೆ, ಅಲ್ಲಿ ಕುಡಿತದ ವರ್ಣನೆಯೂ ಬೇಕಾದಷ್ಟಿದೆ.

'ಲೈವ್ ಮ್ಯೂಸಿಕ್'ಗೆ 'ಲೈವ್ ಬ್ಯಾಂಡ್' ಎಂದು ಮಾತ್ರ ಬರೆಯಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಬೆಂಗಳೂರಿನ ಪತ್ರಿಕೆಗಳಲ್ಲಿ ಎರಡು ಸಾವಿರದ ಮೊದಲ ದಶಕದಿಂದ ಆ ಮಾತಿಗೆ ಹೆಂಗಸರನ್ನು ಕುಣಿಸುವ ಬಾರ್ ಎಂಬ ಅರ್ಥ ಅಂಟಿಕೊಂಡಿದೆ. ಇಂಥ ಜಾಗಗಳಿಗೆ ಲೈಸೆನ್ಸ್ ಬೇಕು ಎನ್ನುವ ಪೊಲೀಸರ 2005ರ ಆದೇಶ ಹುಟ್ಟಿದ್ದು ಅದೇ ಹಿನ್ನೆಲೆಯಲ್ಲಿ. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ಎತ್ತಿಹಿಡಿಯಿತು. ಆಮೇಲೆ ಮೂಲೆಯಲ್ಲಿ ಕೂತು ಗಿಟಾರ್ ನುಡಿಸುವವರಿದ್ದ ಹೋಟೆಲುಗಳಿಗೂ ಅದರ ಬಿಸಿ ತಟ್ಟಿತು. ಒಂದೇ ಪದದ ಕೆಳಗೆ ಎರಡು ಬೇರೆ ಕಸುಬುಗಳು ಸೇರಿಕೊಂಡರೆ ಹೀಗಾಗುತ್ತದೆ. 'ಎದುರು ಸಂಗೀತ' ಹೇಗೆ? ಇಲ್ಲ, ಸರಳವಾಗಿ 'ಹಾಡು-ವಾದ್ಯದ ಜಾಗ' ಸಾಕಾ?

ಒಂದನ್ನು ಬರಹದಲ್ಲಿ ಬಿಡದೆ ಹೇಳುತ್ತಿದ್ದೇನೆ, ಇಲ್ಲೂ ಹೇಳಿಬಿಡುತ್ತೇನೆ. ಈ ನಿಯಮ ದೂರಿನಿಂದ ಕಾಪಾಡುತ್ತದೆ, ಮಾರಾಟದಿಂದ ಅಲ್ಲ. ಮೆಲ್ಬರ್ನಿನ ಬರ್ಕ್ ಸ್ಟ್ರೀಟಿನ ಪ್ಯಾಲೇಸ್ ಥಿಯೇಟರ್ 2014ರಲ್ಲೇ ಮುಚ್ಚಿತು. ಈಗ ಅಲ್ಲಿರುವುದು ಹೋಟೆಲ್. ಟೋಟ್ ಕಟ್ಟಡ 2023ರಲ್ಲಿ ಮಾರಾಟಕ್ಕೆ ಬಂದಾಗ ಅಭಿಮಾನಿಗಳು ಸುಮಾರು 30 ಲಕ್ಷ ಡಾಲರ್ ಕೂಡಿಸಿದರು, ಹಾಗಾಗಿ ಅದು ಪಬ್ಬಾಗಿಯೇ ಉಳಿಯಿತು. ಎಲ್ಲ ಪಬ್ಬಿಗೂ ಅಂಥ ಪುಣ್ಯ ಇರುವುದಿಲ್ಲ. ಆದ್ದರಿಂದ 'ರಕ್ಷಣೆ', 'ಸಂರಕ್ಷಣೆ' ಎಂಬ ದೊಡ್ಡ ಪದಗಳನ್ನು ಈ ನಿಯಮದ ಪಕ್ಕ ಇಡುತ್ತಿಲ್ಲ. 'ಸದ್ದಿನ ಹೊಣೆ' ಅಷ್ಟೇ.

ಕೊನೆಯದಾಗಿ ಕರಾವಳಿಯವರಿಗೆ ಒಂದು ಪ್ರಶ್ನೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಬೇಡ ಎನ್ನುವ 2000ದ ಶಬ್ದಮಾಲಿನ್ಯ ನಿಯಮ ಪಬ್ಬಿಗೂ ಒಂದೇ, ಯಕ್ಷಗಾನಕ್ಕೂ ಒಂದೇ. ಬೆಳಗಾಗುವ ತನಕ ನಡೆಯುತ್ತಿದ್ದ ಆಟ ಚಿಕ್ಕದಾದಾಗ ನೀವು 'ಕಾಲಮಿತಿ' ಎಂಬ ಒಳ್ಳೆಯ ಪದ ಬಳಕೆಗೆ ತಂದಿರಿ. ಪಬ್‌ಗಳ 'ಕ್ಲೋಸಿಂಗ್ ಟೈಮ್'ಗೆ ಅದನ್ನೇ ತಗೊಳ್ಳಲಾ? ಅಥವಾ 'ಕಾಲಮಿತಿ' ಅಂದ ಕೂಡಲೇ ನಿಮಗೆ ಚೆಂಡೆಯೇ ಕೇಳಿಸುತ್ತದಾ? ಹಾಗಿದ್ದರೆ ಆ ಪದವನ್ನು ಮುಟ್ಟುವುದಿಲ್ಲ, ಬೇರೆ ಹುಡುಕುತ್ತೇನೆ.