ಸಹಾಯ ಬೇಕು: ಮಿಲಾನ್‌ನ ಗಾಜಿನ ಮಾಡಿನ ಹಳೆ ಅಂಗಡಿ ಬೀದಿಗೆ ಅಮ್ಮನ ಜೊತೆ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಮಂಗಳೂರಿನಿಂದ ಅಮ್ಮನನ್ನು ಕರೆದುಕೊಂಡು ಇಟಲಿಗೆ ಹೋಗುತ್ತಿದ್ದೇವೆ. ಮಿಲಾನ್‌ಗೆ ಸಿಗುವುದು ಒಂದೇ ದಿನ. ಅಮ್ಮನ ತವರು ಜೆಪ್ಪು, ಅಜ್ಜ ಹಂಚಿನ ಕಾರ್ಖಾನೆಯಲ್ಲಿ ಇದ್ದವರು, ಹಾಗಾಗಿ ಯಾವ ಹಳೆ ಕಟ್ಟಡ ಕಂಡರೂ ಅಮ್ಮ ಮೊದಲು ನೋಡುವುದು ಮಾಡನ್ನೇ. ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರು ಹಂಚು ಶುರು ಮಾಡಿದ 1865ರಲ್ಲೇ ಮಿಲಾನ್‌ನ ಈ ಗಾಜಿನ ಮಾಡಿನ ಅಂಗಡಿ ಬೀದಿ, ಅಂದರೆ ವಿಟ್ಟೋರಿಯೊ ಎಮಾನುಯೆಲೆ ಗ್ಯಾಲರಿಗೂ ಅಡಿಗಲ್ಲು ಹಾಕಿದ್ದು ಅಂತ ಗೊತ್ತಾದ ಮೇಲೆ ಅವರಿಗೆ ಅದರದ್ದೇ ಮಾತು. 1867ರಲ್ಲಿ ತೆರೆದರೂ ಪೂರ್ತಿ ಆಗಿದ್ದು 1877ರಲ್ಲಿ. ವಾಸ್ತುಶಿಲ್ಪಿ ಮೆಂಗೋನಿ ಅದೇ ವರ್ಷದ ಕೊನೆಗೆ ಅಲ್ಲೇ ಮೇಲಿನಿಂದ ಬಿದ್ದು ತೀರಿಕೊಂಡರು, ಪಾಪ.

ಡುವೊಮೊ ಚರ್ಚ್ ನೋಡಿ, ಗ್ಯಾಲರಿಯ ಒಳಗಿಂದಲೇ ನಡೆದು, ಆಚೆ ಬದಿ ಲಾ ಸ್ಕಾಲಾ ರಂಗಮಂದಿರದ ಹತ್ತಿರ ಹೊರಬರೋಣ ಅಂತಿದ್ದೇವೆ. ದೂರ ಜಾಸ್ತಿ ಇಲ್ಲ, ಆದರೆ ಅಮ್ಮನಿಗೆ ಮೊಣಕಾಲು ನೋವು. ಹೋಗಿ ಬಂದವರು, ಅಲ್ಲೇ ಇರುವವರು ದಯವಿಟ್ಟು ಹೇಳಿ: ಒಳಗೆ ಸುಮ್ನೆ ಕೂರಲು ಜಾಗ ಇದೆಯಾ, ಅಥವಾ ಕೆಫೆಯಲ್ಲಿ ಏನಾದರೂ ತೆಗೆದುಕೊಂಡರೆ ಮಾತ್ರವಾ? ನಡುವಿನ ಗುಮ್ಮಟದ ಕೆಳಗೆ ನೆಲದಲ್ಲಿ ಟುರಿನ್‌ನ ಗೂಳಿಯ ಮೊಸಾಯಿಕ್ ಇದೆಯಲ್ವಾ, ಅದನ್ನು ನಿಧಾನವಾಗಿ ನೋಡಬೇಕಾದರೆ ಬೆಳಿಗ್ಗೆ ಎಷ್ಟು ಗಂಟೆಗೆ ಹೋಗಬೇಕು? ಹತ್ತಿರದಲ್ಲಿ ಸಸ್ಯಾಹಾರಿ ಊಟ ಸಿಗುವ ಜಾಗ ಗೊತ್ತಿದ್ದರೆ ಅದನ್ನೂ ತಿಳಿಸಿ.