ಅಜ್ಜಿಯ 1907ರ ರೂಪಾಯಿ: ಗ್ರೇಡ್ ನಾವೇ ಹಾಕಬಹುದಾ?

ತಿಪಟೂರು ರೂಪಾಯಿ:

ಎಲ್ಲರಿಗೂ ನಮಸ್ಕಾರ. ಹದಿನಾಲ್ಕು ವರ್ಷದಿಂದ ಬ್ರಿಟಿಷ್ ಇಂಡಿಯಾದ ಬೆಳ್ಳಿ ರೂಪಾಯಿ ಕೂಡಿಡುತ್ತಿದ್ದೇನೆ. ವಿಕ್ಟೋರಿಯಾದಿಂದ ಆರನೇ ಜಾರ್ಜ್‌ವರೆಗೆ, ಅಷ್ಟೇ. ಬೇರೆ ಯಾವುದಕ್ಕೂ ಕೈ ಹಾಕಿಲ್ಲ. ನಾಣ್ಯ ಕೈಗೆ ಬಂದ ತಕ್ಷಣ, ಎಷ್ಟು ಸವೆದಿದೆ ಅಂತ ನೋಡಿ ಇದು ವಿಎಫ್, ಇದು ಅದಕ್ಕಿಂತ ಒಳ್ಳೆಯ ಎಕ್ಸ್‌ಎಫ್ ಅಂತ ಗ್ರೇಡ್ ಹೇಳಬಲ್ಲೆ ಅನ್ನೋ ಜಂಬ ಇತ್ತು. ಹೋದ ತಿಂಗಳು ಅದು ಸ್ವಲ್ಪ ಇಳಿಯಿತು.

ಬೆಂಗಳೂರಿನ ಗೆಳೆಯನ ಹತ್ತಿರ ಸ್ಲ್ಯಾಬ್‌ನಲ್ಲಿರುವ, ಅಂದರೆ ಗ್ರೇಡಿಂಗ್ ಕಂಪನಿ ಗ್ರೇಡ್ ಹಾಕಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಕೊಟ್ಟ ರೂಪಾಯಿಗಳಿವೆ. ಅದರಲ್ಲಿ 20 ಆರಿಸಿ, ಅವನ ಹೆಂಡತಿ ಪ್ರತಿಯೊಂದರ ಲೇಬಲ್ ಮೇಲೂ ಕಾಗದದ ಪಟ್ಟಿ ಅಂಟಿಸಿದರು. ನಾನು ನೋಡಿ ನೋಡಿ ಮಗಳ ಹಳೇ ನೋಟ್‌ಬುಕ್‌ನಲ್ಲಿ ನನ್ನ ಗ್ರೇಡ್ ಬರೆದೆ. ಆಮೇಲೆ ಪಟ್ಟಿ ಕಿತ್ತು ನೋಡಿದರೆ, 13 ಸರಿ ಅಥವಾ ಒಂದು ಮೆಟ್ಟಿಲು ಹಿಂದೆಮುಂದೆ. ಮೂರಕ್ಕೆ ಜಾಸ್ತಿ ಕೊಟ್ಟಿದ್ದೆ. ಇನ್ನು ನಾಲ್ಕು ಇದ್ದವಲ್ಲ, ಅವಕ್ಕೆ ಸ್ಲ್ಯಾಬ್‌ನಲ್ಲಿ ನಂಬರೇ ಇಲ್ಲ! 'ಕ್ಲೀನ್ಡ್, ಡಿಟೇಲ್ಸ್' ಅಂತ ಬರೆದಿತ್ತು, ಅಂದರೆ ಯಾರೋ ತೊಳೆದು ಉಜ್ಜಿದ ನಾಣ್ಯ. ನಾನು ಅದರಲ್ಲಿ ಎರಡಕ್ಕೆ ಎಂಎಸ್ 62, ಅಂದರೆ ಚಲಾವಣೆಗೇ ಹೋಗದ ನಾಣ್ಯದ ಗ್ರೇಡ್ ಹಾಕಿದ್ದೆ. ಆ ಎರಡು ನಿದ್ದೆ ಕೆಡಿಸಿವೆ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಅಜ್ಜಿಯ ಲಕ್ಷ್ಮಿಪೂಜೆಯ ಡಬ್ಬಿಯಲ್ಲಿದ್ದ 1907ರ ಎಡ್ವರ್ಡ್ ರೂಪಾಯಿ ನನ್ನ ಹತ್ತಿರ ಇದೆ. ನನ್ನ ಲೆಕ್ಕದಲ್ಲಿ ಎಯು 55, ಅಂದರೆ ಹೆಚ್ಚುಕಡಿಮೆ ಹೊಸದರ ಹಾಗೇ. ಅದೇ ದಿನ ಗೆಳೆಯನಿಗೆ ತೋರಿಸಿದೆ. ಅರ್ಧ ನಿಮಿಷ ನೋಡಿ, "ತೊಳೆದಿದ್ದಾರೆ ಮಾರಾಯ" ಅಂದ. ನನಗೇನೂ ಕಾಣಲಿಲ್ಲ. ಅಮೆರಿಕದ ಗ್ರೇಡಿಂಗ್ ಕಂಪನಿಗೆ ಕಳಿಸಿ ತೀರ್ಮಾನ ಮಾಡಿಕೊಳ್ಳಲಾ? ಅಥವಾ ನಮ್ಮ ಕಣ್ಣನ್ನೇ ಅವರ ಮಟ್ಟಕ್ಕೆ ತರೋಕೆ ಆಗುತ್ತಾ?

ಟಂಕಸಾಲೆ ತಾತ:

20ಕ್ಕೆ 13 ಕಡಿಮೆ ಅಲ್ಲ, ಬೇಜಾರು ಮಾಡ್ಕೋಬೇಡಿ. ಸವಕಲು ಅಳೆಯುವುದರಲ್ಲಿ ನಮಗೂ ಅವರಿಗೂ ದೊಡ್ಡ ಅಂತರ ಇಲ್ಲ. ಅದೂ ನಾವು ಒಂದೇ ಸರಣಿ ಹಿಡಿದು ಕೂತವರಾದರೆ. ಟಿಪ್ಪುವಿನ ತಾಮ್ರದ ಕಾಸು ಕೊಟ್ಟು ನನ್ನನ್ನು ಕೇಳಿ, ನಾನೂ ತಡಕಾಡುತ್ತೇನೆ.

ಮೊದಲು ಒಂದು ಪ್ರಶ್ನೆ. ಯಾವ ದೀಪದಲ್ಲಿ ನೋಡಿದಿರಿ? ಟ್ಯೂಬ್‌ಲೈಟ್ ತಾನೇ? ಅದರ ಕೆಳಗೆ ಎಲ್ಲ ನಾಣ್ಯವೂ ಒಂದು ಮೆಟ್ಟಿಲು ಮೇಲೆ ಕಾಣುತ್ತದೆ. ಬೆಳಕು ಎಲ್ಲ ಕಡೆಯಿಂದ ಬಿದ್ದು ಗೀರುಗಳನ್ನು ನುಂಗಿಹಾಕುತ್ತದೆ. ರೂಮು ಕತ್ತಲು ಮಾಡಿ, ತಂತಿ ಇರುವ ಹಳೇ ಬಲ್ಬ್ ಒಂದೇ ಹಚ್ಚಿ. ನಾಣ್ಯದ ಅಂಚು ಹಿಡಿದು ಓರೆ ಮಾಡಿ ನಿಧಾನ ತಿರುಗಿಸಿ. ತೊಳೆಯದ ಹೊಸ ನಾಣ್ಯವಾದರೆ ಬೆಳಕಿನ ಪಟ್ಟಿ ಬಂಡಿಗಾಲಿಯ ಅರದ ಹಾಗೆ ಸುತ್ತುತ್ತದೆ. ಕಾರ್ಟ್‌ವೀಲ್ ಅನ್ನುತ್ತಾರಲ್ಲ, ಅದು. ಉಜ್ಜಿದ್ದಾದರೆ ಆ ಪಟ್ಟಿ ಸುತ್ತುವುದಿಲ್ಲ, ಸುಮ್ನೆ ಒಂದೇ ಕಡೆ ಪಳಪಳ ಅನ್ನುತ್ತದೆ. ಬಯಲು ಜಾಗದಲ್ಲಿ ಕೂದಲೆಳೆಯಂಥ ಗೀರುಗಳು ಒಂದೇ ದಿಕ್ಕಿಗೆ ಮಲಗಿರುತ್ತವೆ. ಜೇಬಿನಲ್ಲಿ ಓಡಾಡಿ ಬಿದ್ದ ಗೀರು ಹಾಗಿರುವುದಿಲ್ಲ, ದಿಕ್ಕಾಪಾಲು ಇರುತ್ತದೆ. ಐದು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ (ಭೂತಗನ್ನಡಿ) ಸಾಕು. ಹತ್ತು ಪಟ್ಟಿನದರಲ್ಲಿ ಎಲ್ಲ ನಾಣ್ಯವೂ ರೋಗಿಯೇ.

ಎಡ್ವರ್ಡ್ ರೂಪಾಯಿಯಲ್ಲಿ ತಲೆ ಮೇಲೆ ಕಿರೀಟ ಇಲ್ಲ. ಹಾಗಾಗಿ ಮೊದಲು ಸವೆಯುವುದು ಕಿವಿ ಮೇಲಿನ ಕೂದಲು, ಆಮೇಲೆ ಹುಬ್ಬು, ಗಡ್ಡ. ಇಲ್ಲಿ ಒಂದು ಮೋಸ ಇದೆ. ಅಚ್ಚು ಸರಿಯಾಗಿ ಬೀಳದೇ ಇದ್ದರೂ ಕೂದಲು ಮಸುಕಾಗಿಯೇ ಇರುತ್ತದೆ. ಆ ಮಸುಕಿನ ಮೇಲೂ ಹೊಳಪು ಇದ್ದರೆ ಅಚ್ಚಿನ ತಪ್ಪು. ಬಣ್ಣ ಬೂದಿಯಾಗಿ ಸತ್ತಿದ್ದರೆ ಸವಕಲು. ಇಷ್ಟು ಕಲಿಯೋಕೆ ನನಗೆ ಐದಾರು ವರ್ಷ, ಮತ್ತೆ ಹೇಳಿಕೊಳ್ಳಲಾಗದಷ್ಟು ದುಡ್ಡು ಹಿಡಿಯಿತು.

ಕಂಪನಿಯವರು ನಮಗಿಂತ ಮುಂದಿರುವುದು ಇನ್ನೊಂದು ಕಾರಣಕ್ಕೆ. ದಿನವಿಡೀ ಅದೇ ಕೆಲಸ. ಒಬ್ಬರಿಗಿಂತ ಹೆಚ್ಚು ಜನ ಬೇರೆ ಬೇರೆಯಾಗಿ ನೋಡುತ್ತಾರೆ. ಯಾರ ನಾಣ್ಯ ಅಂತ ಅವರಿಗೆ ಗೊತ್ತಿರುವುದಿಲ್ಲ. ನಿಮಗೆ ಅದು ಅಜ್ಜಿಯದು ಅಂತ ಗೊತ್ತು. ಎಯು 55ರಲ್ಲಿ ಎಷ್ಟು ಅಜ್ಜಿಯ ಪಾಲು, ಹೇಳಿ ನೋಡೋಣ.

ಜರ್ಸಿ ಸಿಟಿ ಜವಳಿ:

ತಾತನವರ ಮಾತು ಒಪ್ಪಿದೆ. ಆದರೆ ಕಂಪನಿಯನ್ನು ದೇವರು ಮಾಡಬೇಡಿ. ಇಲ್ಲಿ ನಾನು ಕೂಡಿಡುವುದು ಅಮೆರಿಕದ ಹಳೇ ಬೆಳ್ಳಿಯ ಮಾರ್ಗನ್ ಡಾಲರ್. 1881ರ ಸ್ಯಾನ್ ಫ್ರಾನ್ಸಿಸ್ಕೋ ಟಂಕಸಾಲೆಯ ಒಂದು ಡಾಲರ್‌ಗೆ ಎಂಎಸ್ 63 ಬಂದಿತ್ತು. ಸ್ಲ್ಯಾಬ್ ಒಡೆದು ಅದೇ ಕಂಪನಿಗೆ ಮತ್ತೆ ಕಳಿಸಿದೆ. ಎಂಎಸ್ 64 ಆಗಿ ವಾಪಸ್ ಬಂತು! ನಾಣ್ಯ ಅದೇ, ನಾನು ಊದಿ ಧೂಳು ಕೂಡ ತೆಗೆದಿರಲಿಲ್ಲ. ಇದನ್ನೇ ದಂಧೆ ಮಾಡಿಕೊಂಡವರು ಇಲ್ಲಿದ್ದಾರೆ.

ಗ್ರೇಡ್ ನಂಬರ್‌ಗಳ ಈ 1ರಿಂದ 70ರ ಅಳತೆ ಹುಟ್ಟಿದ್ದೇ ಅಮೆರಿಕದ ಹಳೇ ತಾಮ್ರದ ದೊಡ್ಡ ಸೆಂಟ್‌ಗಳ ಬೆಲೆ ಕಟ್ಟೋಕೆ. 1949ರಲ್ಲಿ ವಿಲಿಯಂ ಶೆಲ್ಡನ್ ಅದನ್ನು ಹೊರತಂದರು. 1ರ ನಾಣ್ಯಕ್ಕೆ ಒಂದು ಡಾಲರ್ ಆದರೆ 70ರದಕ್ಕೆ ಎಪ್ಪತ್ತು, ಆ ಥರ. ಗ್ರೇಡಿಂಗ್ ಕಂಪನಿಗಳಲ್ಲಿ ಪಿಸಿಜಿಎಸ್ 1986ರಲ್ಲಿ ಕೆಲಸ ಶುರು ಮಾಡಿತು, ಮರುವರ್ಷ ಎನ್‌ಜಿಸಿ. ಆಮೇಲೆ 2007ರಲ್ಲಿ ಸಿಎಸಿ ಅಂತ ಬಂತು. ಸ್ಲ್ಯಾಬ್ ಆದ ನಾಣ್ಯವನ್ನೇ ಮತ್ತೆ ನೋಡಿ, ಗ್ರೇಡ್ ಗಟ್ಟಿ ಇದೆ ಅನಿಸಿದರೆ ಹಸಿರು ಸ್ಟಿಕ್ಕರ್ ಅಂಟಿಸುವುದು ಅವರ ಕೆಲಸ. ಮೇಷ್ಟ್ರು ತಿದ್ದಿದ ಪೇಪರ್ ತಿದ್ದೋಕೆ ಇನ್ನೊಬ್ಬ ಮೇಷ್ಟ್ರು ಅಂದ ಹಾಗಾಯ್ತಲ್ವಾ?

ಕೋಟೆ ಬೀದಿ:

ತಿಪಟೂರಿನವರೇ, ದಯವಿಟ್ಟು ಆ ನಾಣ್ಯ ಕೊರಿಯರ್‌ಗೆ ಹಾಕಬೇಡಿ! 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು. ನೀವಾಗಲಿ ನಾನಾಗಲಿ ದೇಶದ ಹೊರಗೆ ಕಳಿಸುವಂತಿಲ್ಲ. "ಗ್ರೇಡ್ ಮಾಡಿಸಿ ವಾಪಸ್ ತರಿಸುತ್ತೇನೆ ಸರ್" ಅಂದರೆ ಕಸ್ಟಮ್ಸ್‌ನವರು ಕೇಳುವುದಿಲ್ಲ. ಐದನೇ ಜಾರ್ಜ್‌ನ ಚಲಾವಣೆಯ ರೂಪಾಯಿಗಳೂ ಆ ಗೆರೆ ದಾಟಿಯಾಗಿದೆ. ನಿಮ್ಮ ಸಂಗ್ರಹದಲ್ಲಿ ಕಳಿಸೋಕೆ ಉಳಿಯುವುದು ಆರನೇ ಜಾರ್ಜ್ ಮಾತ್ರ. 1939ರ ಬೆಳ್ಳಿ ರೂಪಾಯಿ ಏನಾದರೂ ಸಿಕ್ಕಿದ್ದರೆ ಅದಕ್ಕೆ ದುಡ್ಡು ಖರ್ಚು ಮಾಡಿ. ಅದರಲ್ಲಿ ನಕಲಿ ಜಾಸ್ತಿ. ಗ್ರೇಡ್ ಆಮೇಲೆ, ಮೊದಲು ಅಸಲಿ ಅನ್ನೋದು ಗೊತ್ತಾಗಬೇಕು.

1907ರದು ಅಪರೂಪ ಏನಲ್ಲ. ಮನೆಯಲ್ಲೇ ತೂಕ ನೋಡಿ. 11.66 ಗ್ರಾಂ ಆಸುಪಾಸು ಬಂದರೆ ಸಮಾಧಾನ. ಸವೆದಿದ್ದರೆ ಚೂರು ಕಡಿಮೆ ಬರುತ್ತದೆ.

ತಿಪಟೂರು ರೂಪಾಯಿ:

ಕಾಯ್ದೆ ವಿಷಯ ಹೇಳಿದ್ದಕ್ಕೆ ತುಂಬ ಥ್ಯಾಂಕ್ಸ್. ಪಾರ್ಸೆಲ್ ಡಬ್ಬಿ ಕೂಡ ತಂದಿಟ್ಟಿದ್ದೆ.

ತೂಕ 11.58 ಬಂತು. ನಿನ್ನೆ ರಾತ್ರಿ ತಾತನವರು ಹೇಳಿದಂತೆ ಮಾಡಿದೆ. ತಂತಿ ಬಲ್ಬ್ ಈಗ ಅಂಗಡಿಯಲ್ಲಿ ಸಿಗಲಿಲ್ಲ. ಕೊನೆಗೆ ಕೊಬ್ಬರಿ ಅಟ್ಟದ ಬಲ್ಬ್ ಬಿಚ್ಚಿ ತಂದೆ. ಟ್ಯೂಬ್‌ಲೈಟ್ ಆರಿಸಿ ನಾಣ್ಯ ತಿರುಗಿಸಿದೆ. ಎರಡನೇ ಸುತ್ತಿಗೇ ಕಂಡಿತು. ರಾಜನ ಮುಖದ ಮುಂದಿನ ಬಯಲಲ್ಲಿ ಸಣ್ಣ ಗೀರುಗಳು, ಕಮಾನಿನ ಹಾಗೆ, ಎಲ್ಲ ಒಂದೇ ಕಡೆ ಬಾಗಿವೆ. ಹೆಬ್ಬೆರಳಿಟ್ಟು ಉಜ್ಜಿದರೆ ಹೇಗೆ ತಿರುಗುತ್ತದೋ ಹಾಗೇ. ಇಷ್ಟು ವರ್ಷ ಇದು ಹೇಗೆ ಕಾಣಲಿಲ್ಲವೋ!

ಅಮ್ಮನನ್ನು ಕೇಳಿದೆ. "ಪ್ರತಿ ದೀಪಾವಳಿಗೂ ಹುಣಸೆಹಣ್ಣು ಹಾಕಿ ತೊಳೆದು, ವಿಭೂತಿ ಹಚ್ಚಿ ಸೆರಗಲ್ಲಿ ಉಜ್ಜೋರು, ಫಳಫಳ ಅನ್ನಬೇಕು ಅವರಿಗೆ" ಅಂದರು. ಅದೇನು ಮಹಾ ಅನ್ನೋ ಥರ ಹೇಳಿ ಹೂ ಕಟ್ಟೋಕೆ ಕೂತರು.

ಕಿವಿ ಮೇಲಿನ ಕೂದಲು ನೋಡಿದೆ. ಎಳೆಗಳು ಒಂದಕ್ಕೊಂದು ಅಂಟಿಕೊಂಡಿವೆ. ನೋಟ್‌ಬುಕ್‌ನಲ್ಲಿ ಎಯು 55 ಹೊಡೆದುಹಾಕಿ 'ಎಕ್ಸ್‌ಎಫ್ ಡಿಟೇಲ್ಸ್, ಕ್ಲೀನ್ಡ್' ಅಂತ ಬರೆದೆ. ಬರೆಯುವಾಗ ಕೈ ಸ್ವಲ್ಪ ತಡೆಯಿತು, ಸುಳ್ಳು ಯಾಕೆ ಹೇಳಲಿ.

ಇನ್ನೊಂದು ಕೇಳಬೇಕಿತ್ತು. ಗಡ್ಡದ ಸಂದಿಯಲ್ಲಿ ಕೆಂಪಗೆ ಕುಂಕುಮ ಗಟ್ಟಿಯಾಗಿ ಕೂತಿದೆ. ಅಷ್ಟು ಉಜ್ಜಿದರೂ ಅದು ಹೋಗಿಲ್ಲ. ತೆಗೀಬೇಕಾ?

ಟಂಕಸಾಲೆ ತಾತ:

ಮುಟ್ಟಿದರೆ ನೋಡಿ.